ಹನ್ನೆರಡು ವರ್ಷದ ಲ್ಯಾಪ್‌ಟಾಪಿಗೆ ಬ್ಲೂಟೂತ್ ಹಾಕಿದ್ದು: ಟಿಪಿ-ಲಿಂಕ್ ಯುಬಿ500

ಯುಬಿ500 ಅಂದ್ರೆ ಬ್ಲೂಟೂತ್ ಇಲ್ಲದ ಕಂಪ್ಯೂಟರಿನ ಯುಎಸ್‌ಬಿ ಪೋರ್ಟಿಗೆ ಚುಚ್ಚೋ ಪುಟ್ಟ ಬ್ಲೂಟೂತ್ ಡಾಂಗಲ್. ತಗೊಳ್ಬಹುದಾ ಬೇಡ್ವಾ ಅಂತಷ್ಟೇ ಗೊತ್ತಾದ್ರೆ ಸಾಕು ಅನ್ನೋರಿಗೆ ಮೊದ್ಲೇ ಹೇಳ್ಬಿಡ್ತೀನಿ, ತಗೊಳ್ಳಿ. ಹಾಡು, ಸಿನಿಮಾ, ಮೌಸು, ಕೀಬೋರ್ಡಿಗೆ ಆರಾಮಾಗಿ ಸಾಕು. ದಿನಾ ಮೀಟಿಂಗಲ್ಲಿ ಅದೇ ಹೆಡ್‌ಸೆಟ್ ಮೈಕಲ್ಲಿ ಮಾತಾಡ್ಬೇಕು ಅಂತಿದ್ರೆ ಮಾತ್ರ ಪೂರ್ತಿ ಓದಿ ಆಮೇಲೆ ದುಡ್ಡು ಹಾಕಿ.

ಲ್ಯಾಪ್‌ಟಾಪ್ ನಾನು ಇಂಜಿನಿಯರಿಂಗ್ ಓದೋವಾಗ 2013ರಲ್ಲಿ ತಗೊಂಡಿದ್ದು. ಮಧ್ಯೆ ಒಂದ್ಸಲ ಎಸ್ಎಸ್‌ಡಿ ಹಾಕ್ಸಿ ರ‍್ಯಾಮ್ 8 ಜಿಬಿ ಮಾಡಿದ್ದಕ್ಕೆ ಇನ್ನೂ ಜೀವ ಇದೆ, ವಿಂಡೋಸ್ 10 ಓಡ್ತಿದೆ. ಈಗ ಅದು ಸಾಗರದ ಮನೇಲಿ ಅಪ್ಪನ ಸೊತ್ತು. ಅಪ್ಪನಿಗೆ ರಾತ್ರಿ ಊಟ ಆದ್ಮೇಲೆ ಹಾರ್ಡ್ ಡಿಸ್ಕಲ್ಲಿರೋ ಯಕ್ಷಗಾನದ ವಿಡಿಯೋ ನೋಡ್ಬೇಕು, ಅದೂ ಚಂಡೆ ಶಬ್ದ ಪಕ್ಕದ ಮನೆಗೂ ಕೇಳೋ ಹಾಗೆ. ಹೆಡ್‌ಫೋನ್ ಹಾಕ್ಕೊಳ್ಳಿ ಅಂದ್ರೆ ಆ ಜ್ಯಾಕು ಸಡಿಲಾಗಿ ಒಂದೇ ಕಿವಿಲಿ ಕೇಳುತ್ತೆ. ನನ್ನತ್ರ ಒಂದು ನೆಕ್‌ಬ್ಯಾಂಡ್ ಸುಮ್ನೆ ಬಿದ್ದಿತ್ತು, ಅದನ್ನೇ ಕೊಡೋಣ ಅಂತ ನೋಡಿದ್ರೆ ಲ್ಯಾಪ್‌ಟಾಪಲ್ಲಿ ಬ್ಲೂಟೂತೇ ಇಲ್ಲ.

ಇಲ್ಲ ಅಂತ ತೀರ್ಮಾನ ಮಾಡೋಕೆ ಮುಂಚೆ ನೀವೂ ಒಂದ್ಸಲ ಸರಿಯಾಗಿ ನೋಡಿ, ಯಾಕಂದ್ರೆ ಆ ಕಾಲದ ಎಷ್ಟೋ ಲ್ಯಾಪ್‌ಟಾಪಲ್ಲಿ ವೈಫೈ ಕಾರ್ಡ್ ಒಳಗೇ ಬ್ಲೂಟೂತ್ ಇರುತ್ತೆ, ಫಾರ್ಮ್ಯಾಟ್ ಮಾಡಿದ್ಮೇಲೆ ಡ್ರೈವರ್ ಹಾಕಿರಲ್ಲ ಅಥವಾ ಬಯೋಸಲ್ಲಿ (ವಿಂಡೋಸ್ ಶುರುವಾಗೋಕೆ ಮುಂಚೆ ತೆಗೆಯೋ ಸೆಟ್ಟಿಂಗಲ್ಲಿ) ಆಫ್ ಆಗಿರುತ್ತೆ. ವಿಂಡೋಸಿನ ಡಿವೈಸ್ ಮ್ಯಾನೇಜರಲ್ಲಿ ಹಳದಿ ಗುರುತು ಇರೋ ಅನಾಮಧೇಯ ಐಟಂ ಏನಾದ್ರೂ ಇದ್ರೆ ಅದೇ ಇರಬಹುದು. ಇನ್ನೊಂದು, ನೀವು ತಗೊಂಡ ಮೌಸಿನ ಹೊಟ್ಟೇಲಿ, ಬ್ಯಾಟರಿ ಪಕ್ಕ, ಪುಟ್ಟ ಯುಎಸ್‌ಬಿ ರಿಸೀವರ್ ಇದ್ರೆ ಅದಕ್ಕೆ ಬ್ಲೂಟೂತ್ ಬೇಕಾಗೇ ಇಲ್ಲ. ನನ್ನ ಕಸಿನ್ ಒಬ್ಬ ರಿಸೀವರ್ ನೋಡದೆ ಡಾಂಗಲ್ ಆರ್ಡರ್ ಮಾಡಿ ಕೂತಿದ್ದ.

ಮೊದಲ ಪ್ರಯತ್ನ ಬೆಂಗಳೂರಿನ ಎಸ್‌ಪಿ ರೋಡಲ್ಲಿ. ಅಂಗಡಿ ಹೆಸರು ಬೇಡ. 150 ರೂಪಾಯಿಯ ಡಾಂಗಲ್, ಪ್ಯಾಕೆಟ್ ಮೇಲೆ ದೊಡ್ಡದಾಗಿ ಬ್ಲೂಟೂತ್ ವರ್ಷನ್ 5.3 ಅಂತ ಬರ್ದಿತ್ತು. ಚುಚ್ಚಿದ ಕೂಡ್ಲೇ ಪೇರ್ ಆಯ್ತು, ಖುಷಿಯಾಯ್ತು, ಹತ್ತು ನಿಮಿಷಕ್ಕೆ ಕಟ್ ಆಯ್ತು, ಮತ್ತೆ ಕನೆಕ್ಟ್ ಮಾಡಿದ್ರೆ ಮತ್ತೆ ಹತ್ತು ನಿಮಿಷ. ಅನುಮಾನ ಬಂದು ಡಿವೈಸ್ ಮ್ಯಾನೇಜರ್ ತೆಗ್ದು, ಬ್ಲೂಟೂತ್ ಅಡಾಪ್ಟರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅಡ್ವಾನ್ಸ್ಡ್ ಅಂತ ಹೋದ್ರೆ ಎಲ್‌ಎಂಪಿ ಅಂತ ಬ್ಲೂಟೂತ್ ವರ್ಷನ್ ಹೇಳೋ ಒಂದು ನಂಬರ್ ತೋರ್ಸುತ್ತೆ, ಅಲ್ಲಿ 6 ಅಂತಿತ್ತು. 6 ಅಂದ್ರೆ ಬ್ಲೂಟೂತ್ 4.0, 9 ಅಂದ್ರೆ 5.0, 10 ಅಂದ್ರೆ 5.1, 12 ಬಂದ್ರೆ ಮಾತ್ರ 5.3. ಅಂದ್ರೆ 2010ರ ಸ್ಟ್ಯಾಂಡರ್ಡಿನ ಸಾಮಾನಿಗೆ ಹೊಸ ಅಂಗಿ ತೊಡ್ಸಿ ಮಾರಿದ್ದಾರೆ. 4.0 ಆದ್ರೂ ಹಾಡು ಕೇಳೋಕೆ ತೊಂದ್ರೆ ಇಲ್ಲ, ಅದು ಬೇರೆ ಮಾತು, ಆದ್ರೆ ಅದನ್ನೂ ಸರಿಯಾಗಿ ಮಾಡ್ತಿರ್ಲಿಲ್ಲ. ಸಿಎಸ್ಆರ್ ಅನ್ನೋ ಕಂಪನಿಯ ಹಳೇ ಬ್ಲೂಟೂತ್ ಚಿಪ್ಪಿನ ನಕಲುಗಳು ಎಷ್ಟು ತುಂಬ್ಕೊಂಡಿದಾವೆ ಅಂದ್ರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲಲ್ಲಿ ಅವುಗಳನ್ನ ಸುಧಾರಿಸೋಕೆ ಅಂತ್ಲೇ ಕೋಡ್ ಬರೆದಿಟ್ಟಿದ್ದಾರೆ. ಯಾವ ಡಾಂಗಲ್ ತಗೊಂಡ್ರೂ ವಾಪಸ್ ಮಾಡೋ ಅವಧಿ ಮುಗಿಯೋದ್ರೊಳಗೆ ಈ ನಂಬರ್ ನೋಡ್ಕೊಳ್ಳಿ.

ಎರಡನೇ ಪ್ರಯತ್ನ ನನ್ನ ಅತಿ ಬುದ್ಧಿವಂತಿಕೆ. ಹೊರಗೆ ಏನೂ ನೇತಾಡೋದೇ ಬೇಡ, ಒಳಗಿನ ವೈಫೈ ಕಾರ್ಡನ್ನೇ ಬ್ಲೂಟೂತ್ ಇರೋ ಕಾರ್ಡಿಗೆ ಬದಲಾಯ್ಸೋಣ ಅಂತ ಸೆಕೆಂಡ್ ಹ್ಯಾಂಡ್ ಇಂಟೆಲ್ 7260 ತಂದೆ. ಇದು ಚೆನ್ನಾಗಿರೋ ಕಾರ್ಡೇ, 802.11ಎಸಿ ಅನ್ನೋ ವೇಗದ ವೈಫೈ ಜೊತೆ ಬ್ಲೂಟೂತ್ 4.0, ಅರ್ಧ ಸೈಜಿನ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಕೂರುತ್ತೆ. ಹಿಂದಿನ ಸ್ಕ್ರೂ ಎಲ್ಲಾ ಬಿಚ್ಚಿ, ಸಾಸಿವೆ ಕಾಳಿನಷ್ಟು ಇರೋ ಆ ಎರಡು ಆಂಟೆನಾ ವಯರಿನ ತುದಿನ ಉಗುರಲ್ಲಿ ಒತ್ತಿ ಕೂರ್ಸಿ, ಆನ್ ಮಾಡಿದ್ರೆ ಕಪ್ಪು ಸ್ಕ್ರೀನು, ಅನಧಿಕೃತ ಕಾರ್ಡ್ ಇದೆ ತೆಗೀರಿ ಅಂತ ಮೆಸೇಜು. ಆ ಕಾಲದ ಕೆಲವು ಲ್ಯಾಪ್‌ಟಾಪಲ್ಲಿ ಕಂಪನಿಯವರು ಒಪ್ಪಿದ ಕಾರ್ಡುಗಳ ಪಟ್ಟಿ ಬಯೋಸ್ ಒಳಗೇ ಇರುತ್ತೆ, ಅದ್ರಲ್ಲಿ ಇಲ್ದಿದ್ರೆ ಬೂಟೇ ಆಗಲ್ಲ. ನಾವು ದುಡ್ಡು ಕೊಟ್ಟು ತಗೊಂಡ ಮಿಷಿನ್ನಿಗೆ ನಾವೇನು ಹಾಕ್ಬೇಕು ಅಂತ ಅವ್ರನ್ನ ಕೇಳ್ಬೇಕಂತೆ. ಹಳೇ ಕಾರ್ಡ್ ವಾಪಸ್ ಹಾಕಿ ಮುಚ್ಚಿದೆ, ಒಂದು ಸ್ಕ್ರೂ ಮಿಕ್ತು, ಅದು ಎಲ್ಲಿಂದು ಅಂತ ಇವತ್ತಿಗೂ ಗೊತ್ತಾಗಿಲ್ಲ.

ಆಮೇಲೆ ತರ್ಸಿದ್ದು ಈ ಯುಬಿ500. ನನಗೆ ಬಿದ್ದಿದ್ದು 599. ಬೆರಳ ತುದಿಯಷ್ಟು ಇದೆ, ಚುಚ್ಚಿದ್ರೆ ಪೋರ್ಟಿಂದ ಸ್ವಲ್ಪವೇ ಹೊರಗೆ ಕಾಣುತ್ತೆ. ಇಂಟರ್ನೆಟ್ ಆನ್ ಇಟ್ಟು ಚುಚ್ಚಿದೆ, ವಿಂಡೋಸ್ 10 ತಾನೇ ಡ್ರೈವರ್ ಹುಡುಕ್ಕೊಳ್ತು, ಒಂದೆರಡು ನಿಮಿಷ ಅಷ್ಟೇ. ವಿಂಡೋಸ್ 7 ಇಟ್ಕೊಂಡಿರೋರು ಕಂಪನಿ ಸೈಟಿಂದ ಡ್ರೈವರ್ ಇಳಿಸ್ಕೋಬೇಕು, ಜೊತೆಗೆ 7ರಲ್ಲಿ ಕಮ್ಮಿ ಪವರ್ ಬ್ಲೂಟೂತ್ (ಬ್ಲೂಟೂತ್ ಲೋ ಎನರ್ಜಿ) ಸಪೋರ್ಟ್ ಮೊದ್ಲಿಂದ ಇಲ್ಲ, ಹಾಗಾಗಿ ಈಗಿನ ಕೆಲವು ಮೌಸುಗಳು ಅದ್ರಲ್ಲಿ ಪೇರ್ ಆಗ್ದೇ ಇರಬಹುದು. ಎಲ್‌ಎಂಪಿ ಪರೀಕ್ಷೆ ಇದಕ್ಕೂ ಮಾಡ್ದೆ, ಪಾಸು.

ಸರಿ, ಅಪ್ಪನ ಕಿವಿಗೆ ಹಾಕಿ ಪ್ರಸಂಗ ಹಚ್ಚಿದೆ. ಐದು ನಿಮಿಷ ನೋಡಿ ಅಪ್ಪ ಹೇಳಿದ್ದು, "ಚಂಡೆಗೆ ಕೋಲು ಬಿದ್ದು ಮೇಲೆದ್ಮೇಲೆ ಶಬ್ದ ಬರ್ತದೆ ಕಣೋ." ನನಗೆ ಗೊತ್ತೇ ಆಗಿರ್ಲಿಲ್ಲ, ತಾಳ ಗೊತ್ತಿರೋರಿಗೆ ಗೊತ್ತಾಗುತ್ತೆ ನೋಡಿ. ಇದು ಡಾಂಗಲ್ ತಪ್ಪಲ್ಲ, ಬ್ಲೂಟೂತಲ್ಲಿ ಧ್ವನಿನ ಕುಗ್ಗಿಸಿ ಕಳ್ಸಿ ಆ ಕಡೆ ಮತ್ತೆ ಬಿಡಿಸೋಕೆ ಹೊತ್ತು ಹಿಡಿಯುತ್ತೆ, ಸೆಕೆಂಡಿನ ಐದರಲ್ಲೊಂದು ಭಾಗದ ಆಸುಪಾಸು. ತಾಳಮದ್ದಳೆ ಹಚ್ಚಿದ್ರೆ ಸಮಸ್ಯೆನೇ ಇಲ್ಲ, ಕೂತು ಮಾತಾಡೋದ್ರಲ್ಲಿ ಯಾರು ತುಟಿ ನೋಡ್ತಾರೆ, ಕುಣಿತಕ್ಕೆ ಬಂದಾಗ್ಲೇ ಕಷ್ಟ. ವಿಎಲ್‌ಸಿ ಪ್ಲೇಯರಲ್ಲಿ ಜೆ ಕೀ ಒತ್ತಿದ್ರೆ ಪ್ರತಿ ಸಲ 50 ಮಿಲಿಸೆಕೆಂಡ್ ಧ್ವನಿ ಮುಂದಕ್ಕೆ ಬರುತ್ತೆ, ಜಾಸ್ತಿ ಆದ್ರೆ ಕೆ ಒತ್ತಿ ಹಿಂದಕ್ಕೆ ತರಬಹುದು. ನಾಲ್ಕು ಸಲ ಜೆ ಒತ್ತಿದ್ಮೇಲೆ ಅಪ್ಪ "ಹಾಂ, ಈಗ ಕೂತ್ಕೊಂತು" ಅಂದ್ರು. ಗೇಮ್ ಆಡೋರಿಗೆ ಮಾತ್ರ ಈ ಉಪಾಯ ಇಲ್ಲ, ಅವ್ರು ವಯರೇ ಇಟ್ಕೊಳ್ಳಿ.

ಮುಖ್ಯವಾದ ವಿಷಯ ಎಲ್ಲಿ ಚುಚ್ಬೇಕು ಅನ್ನೋದು. ಮೊದ್ಲು ನಾನು ಎಡಗಡೆಯ ನೀಲಿ ಪೋರ್ಟಿಗೆ ಹಾಕಿದ್ದೆ, ಅದು ಯುಎಸ್‌ಬಿ 3, ಪಕ್ಕದಲ್ಲೇ ಅಪ್ಪನ ಹಾರ್ಡ್ ಡಿಸ್ಕ್ ಸಿಕ್ಕಿಸಿರೋದು. ಅಪ್ಪ ಅಡುಗೆಮನೆ ಕಡೆ ನಾಲ್ಕು ಹೆಜ್ಜೆ ಇಟ್ರೆ ಭಾಗವತರ ದನಿ ತುಂಡು ತುಂಡು. ಈ ಯುಎಸ್‌ಬಿ 3 ಕೆಲಸ ಮಾಡೋವಾಗ ಬ್ಲೂಟೂತ್ ಓಡೋ 2.4 ಗಿಗಾಹರ್ಟ್ಸ್ ಜಾಗದಲ್ಲೇ ಗದ್ದಲ ಎಬ್ಬಿಸುತ್ತೆ, ಇಂಟೆಲ್‌ನವರೇ 2012ರಲ್ಲಿ ಈ ಬಗ್ಗೆ ಪೇಪರ್ ಬರ್ದಿದ್ದಾರೆ. ಅದ್ರ ಮೇಲೆ ನಮ್ಮ ಹಳೇ ವೈಫೈ ಕಾರ್ಡೂ 2.4ರಲ್ಲೇ ಇರೋದು, ಏನಾದ್ರೂ ಡೌನ್‌ಲೋಡ್ ಹಾಕಿದ್ರೆ ಮುಗೀತು. ಬಲಗಡೆಯ ಕಪ್ಪು ಯುಎಸ್‌ಬಿ 2 ಪೋರ್ಟಿಗೆ ಬದಲಾಯ್ಸಿದೆ, ಅರ್ಧ ಸರಿಹೋಯ್ತು. ಆಮೇಲೆ 80 ರೂಪಾಯಿದು ಒಂದು ಮೀಟರಿನ ಎಕ್ಸ್‌ಟೆನ್ಷನ್ ಕೇಬಲ್ ತಂದು ಡಾಂಗಲನ್ನ ಅದರ ತುದೀಲಿ ಹಾಕಿ ಮೇಜಿನ ಕಾಲಿಗೆ ಟೇಪ್ ಸುತ್ತಿದೆ, ಈಗ ಜಗಲಿ ತುದಿವರೆಗೂ ಕೇಳುತ್ತೆ. ನೋಡೋಕೆ ಚೆಂದ ಇಲ್ಲ. ಆದ್ರೆ 599ರ ಡಾಂಗಲಿಗಿಂತ ಈ 80 ರೂಪಾಯಿ ವಯರಿಂದ್ಲೇ ನನಗೆ ಜಾಸ್ತಿ ಲಾಭ ಆಗಿದ್ದು ಅಂತ ಹೇಳೋಕೆ ಸಂಕೋಚ ಇಲ್ಲ.

ಇನ್ನು ಮೈಕ್. ನಾನು ಊರಿಗೆ ಹೋದಾಗ ಒಂದ್ಸಲ ಅದೇ ಲ್ಯಾಪ್‌ಟಾಪಿಂದ ಆಫೀಸ್ ಕಾಲಿಗೆ ಸೇರ್ಕೊಂಡೆ, ಕಾಲ್ ಶುರುವಾಗಿದ್ದೇ ತಡ ಎಲ್ಲರ ದನಿ ಹಳೇ ಎಸ್‌ಟಿಡಿ ಬೂತಿಂದ ಮಾತಾಡ್ದಂಗೆ ಆಯ್ತು. ಮೈಕ್ ಬೇಕು ಅಂದ ತಕ್ಷಣ ಬ್ಲೂಟೂತು ಸ್ಟೀರಿಯೋ ಬಿಟ್ಟು ಹ್ಯಾಂಡ್ಸ್ ಫ್ರೀ ಅನ್ನೋ ಇನ್ನೊಂದು ದಾರಿಗೆ ಇಳಿಯುತ್ತೆ, ಅದ್ರಲ್ಲಿ ಮೋನೋ, 8 ಕಿಲೋಹರ್ಟ್ಸ್ ಸ್ಯಾಂಪ್ಲಿಂಗ್, ಅದೃಷ್ಟ ಇದ್ರೆ 16. ಎಷ್ಟು ದುಬಾರಿ ಹೆಡ್‌ಸೆಟ್ ಇದ್ರೂ ಈ ದಾರಿಲಿ ಅಷ್ಟೇ. ಉಪಾಯ ಅಂದ್ರೆ ಕಾಲ್ ಸೆಟ್ಟಿಂಗಲ್ಲಿ ಮೈಕ್ ಜಾಗದಲ್ಲಿ ಲ್ಯಾಪ್‌ಟಾಪಿನದೇ ಆರಿಸಿ, ಸ್ಪೀಕರ್ ಜಾಗದಲ್ಲಿ ಹೆಡ್‌ಸೆಟ್ಟಿನ ಸ್ಟೀರಿಯೋ ಆರಿಸಿ. ಅಪ್ಪನಿಗಂತೂ ಮೈಕೇ ಬೇಡ, ಹಾಗಾಗಿ ಕಂಟ್ರೋಲ್ ಪ್ಯಾನಲ್‌ನ ಡಿವೈಸಸ್ ಅಂಡ್ ಪ್ರಿಂಟರ್ಸಲ್ಲಿ ನೆಕ್‌ಬ್ಯಾಂಡಿನ ಸರ್ವೀಸಸ್ ತೆಗ್ದು ಹ್ಯಾಂಡ್ಸ್ ಫ್ರೀ ಟೆಲಿಫೋನಿ ಮುಂದಿನ ಟಿಕ್ಕನ್ನೇ ತೆಗೆದುಹಾಕಿದೆ, ಆಮೇಲೆ ಅದು ತಾನಾಗಿ ಬದಲಾಗೋ ಕಾಟ ಇಲ್ಲ.

ಮೌಸು ಕೀಬೋರ್ಡ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ನನ್ನ ಲಾಜಿಟೆಕ್ ಕೆ380 ಒಂದೇ ಸಲಕ್ಕೆ ಪೇರ್ ಆಯ್ತು. ಬಯೋಸ್ ಒಳಗೆ ಹೋಗೋಕೆ ಮಾತ್ರ ಲ್ಯಾಪ್‌ಟಾಪಿನ ಸ್ವಂತ ಕೀಬೋರ್ಡೇ ಬೇಕು, ವಿಂಡೋಸ್ ಏಳೋವರೆಗೂ ಡಾಂಗಲಿಗೆ ಕೀಬೋರ್ಡಿನ ಪರಿಚಯ ಇರಲ್ಲ. ಕೀಬೋರ್ಡಿನ ಕೀ ಹೋಗಿದೆ ಅಂತ ಬ್ಲೂಟೂತ್ ಕೀಬೋರ್ಡ್ ತಗೊಳ್ಳೋರು ಇದನ್ನ ಯೋಚ್ನೆ ಮಾಡಿ. ಮೊದ್ಲಿಂದ್ಲೇ ಒಳಗೆ ಹಳೇ ಬ್ಲೂಟೂತ್ ಇದ್ದು ಹೊಸದಕ್ಕೋಸ್ಕರ ಡಾಂಗಲ್ ಹಾಕೋರು ಹಳೇದನ್ನ ಡಿವೈಸ್ ಮ್ಯಾನೇಜರಲ್ಲಿ ಡಿಸೇಬಲ್ ಮಾಡ್ಲೇಬೇಕು, ವಿಂಡೋಸಿಗೆ ಎರಡೆರಡು ಇದ್ರೆ ಆಗಲ್ಲ.

ಲಿನಕ್ಸಲ್ಲೂ ಹಾಕಿ ನೋಡಿದೀನಿ, ಯಾಕಂದ್ರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ನಿಲ್ಸಿದೆ, ಈ ಲ್ಯಾಪ್‌ಟಾಪಿಗೆ 11 ಹತ್ತಲ್ಲ. ಇದ್ರೊಳಗಿರೋದು ರಿಯಲ್‌ಟೆಕ್ ಚಿಪ್ಪು, ಹೊಸ ಕರ್ನಲ್ ಇರೋ ಉಬುಂಟು ಅನ್ನೋ ಲಿನಕ್ಸಲ್ಲಿ ಚುಚ್ಚಿದ ಹಾಗೇ ಓಡ್ತು, ತೀರಾ ಹಳೇ ವರ್ಷನ್ ಆಗಿದ್ರೆ ಚಿಪ್ಪನ್ನ ಓಡಿಸೋ ಫರ್ಮ್‌ವೇರ್ ಫೈಲ್ ಕೈಯಾರೆ ಹಾಕ್ಬೇಕಾಗುತ್ತೆ. ಮುಂದಿನ ಸಲ ಊರಿಗೆ ಹೋದಾಗ ಪೂರ್ತಿ ಉಬುಂಟುಗೇ ಬದಲಾಯ್ಸೋಣ ಅಂತಿದೀನಿ, ಅಪ್ಪನಿಗೆ ಇನ್ನೂ ಹೇಳಿಲ್ಲ, ಆ ಜೆ ಕೀ ಅಲ್ಲೂ ಇದೆಯಾ ಅಂತ ಮೊದ್ಲು ಕೇಳ್ತಾರೆ.