ಒಂದೇ ಹುಲ್ಲುಹಾಸು, ಮೂರು ಬಗೆಯ ಸ್ಪ್ರಿಂಕ್ಲರ್: ಒಂದು ಹೋಲಿಕೆ

ಬೆಂಗಳೂರು ಜಲಮಂಡಳಿಯು 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡವೆಂದು ಆದೇಶಿಸಿದಾಗ, ನಮ್ಮ ಮನೆಯ ಮುಂದಿನ 30 ಅಡಿ ಉದ್ದ, 20 ಅಡಿ ಅಗಲದ ಹುಲ್ಲುಹಾಸಿಗೆ ಕಾವೇರಿ ನೀರು ನಿಂತು ಬೋರ್‌ವೆಲ್ ನೀರೇ ಗತಿಯಾಯಿತು. ಆ ಗಡಸು ನೀರಿನಲ್ಲಿ ಯಾವ ಸ್ಪ್ರಿಂಕ್ಲರ್ ಕಡಿಮೆ ಆರೈಕೆಯಲ್ಲಿ ನಡೆಯುತ್ತದೆ ಎಂಬುದನ್ನು ತಿಳಿಯಲು ಮೂರು ಬಗೆಗಳನ್ನು ಒಂದಾದ ಮೇಲೊಂದರಂತೆ ಹಾಕಿ ನೋಡಿದೆ.

ಮೊದಲನೆಯದು, ಅಡಿಕೆ ತೋಟದವರು ಜೆಟ್ ಎನ್ನುವ, ಟಕಟಕ ಸದ್ದು ಮಾಡುತ್ತ ತಿರುಗುವ ಹಿತ್ತಾಳೆಯ ಸ್ಪ್ರಿಂಕ್ಲರ್. ಸ್ಪ್ರಿಂಗು, ತೋಳು, ಬಾಯಿ ಎಲ್ಲವೂ ಕಣ್ಣೆದುರಿಗೇ ಇರುವುದರಿಂದ ತಿರುಗುವುದು ನಿಂತರೆ ಅಡುಗೆಮನೆಯಲ್ಲಿದ್ದವರಿಗೂ ಸದ್ದು ನಿಂತದ್ದರಿಂದಲೇ ಗೊತ್ತಾಗುತ್ತದೆ. ಬುಡದ ವಾಷರ್‌ನಲ್ಲಿ ಸಿಕ್ಕ ಮರಳನ್ನು ತೊಳೆದರೆ ಮತ್ತೆ ಓಡುತ್ತದೆ. ಆದರೆ ಅದರ ಎಸೆತ ನಮ್ಮ ಜಾಗಕ್ಕೆ ಅತಿಯಾಯಿತು. ಕಾಂಪೌಂಡ್ ಗೋಡೆ, ಗೋಡೆಯಾಚೆ ನಿಲ್ಲಿಸಿದ್ದ ಪಕ್ಕದ ಮನೆಯವರ ಸ್ಕೂಟರು ಎರಡೂ ನೆನೆದವು.

ಎರಡನೆಯದು, ನೀರು ಬಂದಾಗ ನೆಲದಿಂದ ಮೇಲೇಳುವ ಪಾಪ್-ಅಪ್‌ಗಳಿಗೆ ಬೀಸಣಿಗೆಯಂತೆ ಚಿಮ್ಮುವ ಸಾಮಾನ್ಯ ನಾಜಲ್. ನೋಡಲು ಚೆಂದ, ತಪಾಸಣೆಗೆ ಕಷ್ಟ, ಏಕೆಂದರೆ ದೋಷವೆಲ್ಲ ಮಣ್ಣಿನೊಳಗೆ ಅಡಗಿರುತ್ತದೆ. ಮೂರನೆಯ ತಿಂಗಳಲ್ಲಿ ಒಂದು ಮೂಲೆಯ ಹುಲ್ಲು ಒಣಗತೊಡಗಿತು. ಅಲ್ಲಿನ ಪಾಪ್-ಅಪ್‌ನ ಕಡ್ಡಿಯನ್ನು (ಮೇಲೇಳುವ ಕೊಳವೆಯನ್ನು) ಮೇಲೆತ್ತಿ ನಾಜಲ್ ತಿರುಗಿಸಿ ತೆಗೆದಾಗ, ಅದರ ಕೆಳಗಿನ ಬೆರಳುದ್ದದ ಪ್ಲಾಸ್ಟಿಕ್ ಜರಡಿಯ ಕಣ್ಣುಗಳು ಅರ್ಧಕ್ಕರ್ಧ ಸುಣ್ಣ ಕಟ್ಟಿ ಬೆಳ್ಳಗಾಗಿದ್ದವು. ಪಿನ್ನಿನಿಂದ ಕೆದಕಿದ್ದು ನನ್ನ ತಪ್ಪು: ನಾಜಲ್ಲಿನ ಸೀಳು ಅಗಲವಾಗಿ ನೀರು ಒಂದೇ ಕಡೆಗೆ ಬೀಳತೊಡಗಿತು. ಆಮೇಲೆ ರಾತ್ರಿಯಿಡೀ ವಿನಿಗರ್‌ನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜುವುದನ್ನು ರೂಢಿ ಮಾಡಿಕೊಂಡೆ.

ಮೂರನೆಯದಕ್ಕೆ ಹೊಸ ಪೈಪು ಬೇಕಾಗಲಿಲ್ಲ. ಅದೇ ಪಾಪ್-ಅಪ್‌ಗಳ ತಲೆಗೆ, ಹಲವು ಸಣ್ಣ ಎಳೆಗಳಾಗಿ ನೀರನ್ನು ಎಸೆಯುತ್ತ ನಿಧಾನವಾಗಿ ತಿರುಗುವ ರೋಟರಿ ನಾಜಲ್‌ಗಳನ್ನು ಹಾಕಿದೆ. ಎರಡನ್ನೂ ಅಳೆಯಲು ಹುಲ್ಲಿನ ಮೇಲೆ ಒಂಬತ್ತು ಸ್ಟೀಲ್ ಲೋಟಗಳನ್ನಿಟ್ಟು 15 ನಿಮಿಷ ನೀರು ಬಿಟ್ಟು, ಸ್ಕೇಲಿನಿಂದ ಆಳ ನೋಡಿದೆ. ಬೀಸಣಿಗೆ ನಾಜಲ್‌ನಲ್ಲಿ ಒಂದು ಲೋಟದಲ್ಲಿ 14 ಮಿಲಿಮೀಟರ್ ಇದ್ದರೆ ಮೂಲೆಯದರಲ್ಲಿ ಕೇವಲ 5 ಇತ್ತು. ರೋಟರಿಯಲ್ಲಿ ಎಲ್ಲ ಲೋಟಗಳಲ್ಲೂ 2ರಿಂದ 4ರ ಒಳಗೇ ಇತ್ತು. ನೀರು ನಿಧಾನವಾಗಿ ಬೀಳುವುದರಿಂದ ನಮ್ಮ ಜಿಗುಟು ಕೆಂಪು ಮಣ್ಣು ಅದನ್ನು ಹೀರಿಕೊಳ್ಳುತ್ತದೆ, ಗೇಟಿನ ಕಡೆಗೆ ಹರಿದುಹೋಗುವುದಿಲ್ಲ. ಮೋಟರನ್ನು ಮಾತ್ರ ಮೂರು ಪಟ್ಟು ಹೊತ್ತು ಓಡಿಸಬೇಕು.

ರೋಟರಿಗೆ ಒತ್ತಡವೂ ಹೆಚ್ಚು ಬೇಕು. ಬೀಸಣಿಗೆ ನಾಜಲ್ 2 ಬಾರ್‌ನಲ್ಲಿ ಚೆನ್ನಾಗಿ ನಡೆದರೆ, ಇದು 3 ಬಾರ್‌ನ ಸಮೀಪ ಕೇಳುತ್ತದೆ. ಹತ್ತು ಮೀಟರ್ ಎತ್ತರದ ಟ್ಯಾಂಕ್ ಕೊಡುವುದು ಹೆಚ್ಚುಕಡಿಮೆ 1 ಬಾರ್ ಮಾತ್ರ, ಆದ್ದರಿಂದ ತಾರಸಿಯ ನೀರನ್ನು ನೇರವಾಗಿ ನೆಚ್ಚಿಕೊಂಡವರು ಇದರ ಗೊಡವೆಗೆ ಹೋಗಬಾರದು. ಒಂದೇ ಲೈನಿನಲ್ಲಿ ಎರಡೂ ಬಗೆಯ ನಾಜಲ್‌ಗಳನ್ನು ಬೆರೆಸಿದರೆ ಒಂದು ಕಡೆ ಕೆಸರಾಗಿ ಇನ್ನೊಂದು ಕಡೆ ಒಣಗುತ್ತದೆ. ಹಣ ಉಳಿಸಲು ಹೋಗಿ ಅದನ್ನೂ ಒಂದು ವಾರ ಮಾಡಿ ನೋಡಿದ್ದೇನೆ.

ಸದ್ಯ ರೋಟರಿಯನ್ನೇ ಉಳಿಸಿಕೊಂಡಿದ್ದೇನೆ. ಮೋಟರಿನ ಪಕ್ಕದಲ್ಲಿ 120 ಮೆಶ್‌ನ (ಇಂಚಿಗೆ 120 ಕಣ್ಣುಗಳ ಜರಡಿಯ) ಸ್ಕ್ರೀನ್ ಫಿಲ್ಟರ್ ಕೂರಿಸಿ, ಅದನ್ನು ಪ್ರತಿ ಭಾನುವಾರ ತೊಳೆಯುತ್ತೇನೆ. ತಿಂಗಳಿಗೊಮ್ಮೆ ನೀರು ಬಿಟ್ಟು ಒಂದು ಸುತ್ತು ನಡೆದು, ವಾಲಿದ ಕಡ್ಡಿ, ಕತ್ತಿನ ಬಳಿ ಜಿನುಗುವ ಸೀಲು, ಬಾಯಿ ಮುಚ್ಚಿದ ಹುಲ್ಲು ಇವಿಷ್ಟನ್ನು ನೋಡುತ್ತೇನೆ. ಹಿತ್ತಾಳೆಯ ಜೆಟ್ಟು ಊರಿನಲ್ಲಿ ಅಣ್ಣನ ತೋಟಕ್ಕೆ ಹೋಯಿತು. ಅಲ್ಲಿ ಅದರ ಎಸೆತಕ್ಕೆ ತಕ್ಕ ಜಾಗವಿದೆ.