ಒಂಟೆಯುಣ್ಣೆಯ ಕೋಟೋ, ಒಂಟೆ ಬಣ್ಣದ ಕೋಟೋ?

ಒಂಟೆ ಬಣ್ಣದ ಕೋಟುಗಳಲ್ಲಿ ಅನೇಕವು ಬಣ್ಣ ಹಾಕಿದ ಕುರಿಯುಣ್ಣೆಯವು; ಆದ್ದರಿಂದ ಒಳಗಿನ ಚೀಟಿಯಲ್ಲಿ ನೂಲಿನ ಶೇಕಡಾವಾರು ಪ್ರಮಾಣವನ್ನು ಓದದೆ ಕೊಳ್ಳಬಾರದು. ನಿಜವಾದ ಒಂಟೆಯುಣ್ಣೆಯೆಂದರೆ ಮುಖ್ಯವಾಗಿ ಮಂಗೋಲಿಯಾ ಮತ್ತು ಚೀನಾದ ಎರಡು ಡುಬ್ಬದ ಒಂಟೆಗಳು ವಸಂತದಲ್ಲಿ ಉದುರಿಸುವ ಒಳಗೂದಲು. ಈ ಎಳೆ ಸುಮಾರು 20 ಮೈಕ್ರಾನ್‌ನಷ್ಟು ತೆಳುವಾಗಿರುವುದರಿಂದ ಕೋಟು ಹಗುರವಾಗಿದ್ದೂ ಬೆಚ್ಚಗಿರುತ್ತದೆ, ಕುತ್ತಿಗೆಗೆ ಚುಚ್ಚುವುದಿಲ್ಲ. ಆದರೆ ಅದೇ ಮೃದುತ್ವದಿಂದಾಗಿ ತೋಳಿನ ಅಂಚು, ಜೇಬಿನ ಬಾಯಿ, ಚೀಲದ ಪಟ್ಟಿ ಉಜ್ಜುವ ಭುಜ ಇವೆಲ್ಲ ಬೇಗ ಸವೆಯುತ್ತವೆ. ಸಾಮಾನ್ಯ ಕುರಿಯುಣ್ಣೆ ತುಸು ಭಾರ, ತುಸು ಒರಟು, ಬಾಳಿಕೆಯಲ್ಲಿ ಮಾತ್ರ ಮುಂದು. ನಿತ್ಯ ಬಸ್ಸು ರೈಲುಗಳಲ್ಲಿ ಓಡಾಡುವವರಿಗೆ ಎರಡೂ ಬೆರೆತ ಬಟ್ಟೆಯೇ ಸೂಕ್ತವೆಂದು ನನ್ನ ಅಭಿಪ್ರಾಯ. ಅದರಲ್ಲಿ ಸ್ವಲ್ಪ ನೈಲಾನ್ ಸೇರಿದ್ದರೂ ಮೂಗು ಮುರಿಯಬೇಕಾಗಿಲ್ಲ.

ಆರೈಕೆ ಎರಡಕ್ಕೂ ಬಹುಪಾಲು ಒಂದೇ. ಅಗಲ ಭುಜದ ಹ್ಯಾಂಗರಿಗೆ ತೂಗುಹಾಕಿ, ತೊಟ್ಟ ನಂತರ ಮೃದುವಾದ ಬ್ರಷ್‌ನಿಂದ ಧೂಳು ತೆಗೆಯಬೇಕು. ಒದ್ದೆಯಾದರೆ ಹೀಟರಿನಿಂದ ದೂರವಿಟ್ಟು ನೆರಳಿನಲ್ಲಿ ಒಣಗಿಸಬೇಕು. ಡ್ರೈಕ್ಲೀನಿಂಗ್ ಚಳಿಗಾಲಕ್ಕೊಮ್ಮೆ ಸಾಕು, ಆದರೆ ಎತ್ತಿಡುವ ಮುನ್ನ ಅದನ್ನು ತಪ್ಪಿಸಬಾರದು, ಏಕೆಂದರೆ ನುಸಿಯ ಮರಿಹುಳುಗಳಿಗೆ ಬೆವರು ಮತ್ತು ಎಣ್ಣೆಯ ಕಲೆ ಹತ್ತಿದ ಜಾಗವೇ ಹೆಚ್ಚು ಇಷ್ಟ. ಮುಚ್ಚಿಡಲು ಪ್ಲಾಸ್ಟಿಕ್ಕಿಗಿಂತ ಹತ್ತಿಬಟ್ಟೆಯ ಚೀಲ ಲೇಸು.