ಎರಡು ಕತ್ತಿ ಹಿಡಿಯುವವರಿಗೆ 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್: ಒಬ್ಬ ರೇಂಜರ್ ಆಟಗಾರನ ವಿಮರ್ಶೆ

ದಾಳ ಉರುಳಿಸುತ್ತಾ ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ನಿಯಮಪುಸ್ತಕ, 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್ 384 ಪುಟಗಳ ದಪ್ಪ ಪುಸ್ತಕ. ಹನ್ನೆರಡು ಕ್ಲಾಸ್‌ಗಳು (ರೇಂಜರ್, ರೋಗ್, ಫೈಟರ್ ಥರದ ಪಾತ್ರದ ಬಗೆಗಳು), ರಾಶಿ ಮಂತ್ರಗಳು, ಕಣ್ಣು ತುಂಬುವ ಚಿತ್ರಗಳು ಎಲ್ಲ ಇವೆ. ಅವುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಒಂದೇ ವಿಷಯ ಹಿಡಿದು ಬರೆಯುತ್ತೇನೆ. ಎರಡು ಕೈಯಲ್ಲಿ ಎರಡು ಆಯುಧ ಹಿಡಿದು ಆಡುವವರಿಗೆ ಈ ಪುಸ್ತಕದಲ್ಲಿ ಏನು ಸಿಗುತ್ತದೆ?

ನಾನು ಆಡುವ ಪಾತ್ರಗಳೆಲ್ಲ ಹೆಚ್ಚುಕಡಿಮೆ ಇದೇ ಜಾತಿಯವು. ಬಲಗೈಯಲ್ಲಿ ಶಾರ್ಟ್‌ಸ್ವೋರ್ಡ್, ಎಡಗೈಯಲ್ಲಿ ಸಿಮಿಟರ್, ಮೈಮೇಲೆ ಚರ್ಮದ ಕವಚ. ಗುರಾಣಿ ಬೇಡ, ಎರಡು ಕೈಯಲ್ಲಿ ಎತ್ತುವ ಭಾರೀ ಕತ್ತಿಯೂ ಬೇಡ. ಹಾಗಾಗಿ ಈ ಪುಸ್ತಕ ಕೈಗೆ ಬಂದಾಗ ನಾನು ಮೊದಲು ತೆರೆದದ್ದು ಆಯುಧಗಳ ಪಟ್ಟಿಯನ್ನೇ. ನನ್ನ ತೀರ್ಪು ಇಷ್ಟು: ಹತ್ತು ವರ್ಷದಿಂದ ಇದ್ದ ದೊಡ್ಡ ಕೊರತೆಯೊಂದನ್ನು ಇದು ನಿಜವಾಗಿಯೂ ತುಂಬಿದೆ. ಆದರೆ ತುಂಬಿದ್ದನ್ನು ಓದುಗನಿಗೆ ತಿಳಿಯುವ ಹಾಗೆ ಬರೆದಿಲ್ಲ.

ಆ ಕೊರತೆ ಏನೆಂದು ಮೊದಲು ನೋಡೋಣ. 2014ರ ಪುಸ್ತಕದಲ್ಲಿ ನಿಯಮ ಸುಲಭವಾಗಿತ್ತು. ನಿಮ್ಮ ಸರದಿಯಲ್ಲಿ ಅಟ್ಯಾಕ್ ಆಕ್ಷನ್ (ಹೊಡೆಯುವ ಮುಖ್ಯ ಕೆಲಸ) ತೆಗೆದುಕೊಂಡು ಒಂದು ಕೈಯ ಲೈಟ್ (ಹಗುರ) ಆಯುಧದಿಂದ ಹೊಡೆದರೆ, ಇನ್ನೊಂದು ಕೈಯ ಲೈಟ್ ಆಯುಧದಿಂದ ಮತ್ತೊಂದು ಸಲ ಹೊಡೆಯಬಹುದು. ಆದರೆ ಅದಕ್ಕೆ ಬೋನಸ್ ಆಕ್ಷನ್, ಅಂದರೆ ಸರದಿಗೆ ಒಂದೇ ಸಿಗುವ ಹೆಚ್ಚುವರಿ ಸಣ್ಣ ಕೆಲಸ, ಖರ್ಚಾಗುತ್ತದೆ. ಆ ಎರಡನೇ ಹೊಡೆತದ ಡ್ಯಾಮೇಜ್‌ಗೆ ನಿಮ್ಮ ಎಬಿಲಿಟಿ ಮಾಡಿಫೈಯರ್ (ಪಾತ್ರದ ಬಲ, ಚುರುಕುತನದಿಂದ ಬರುವ ಅಂಕ) ಸೇರುವುದಿಲ್ಲ. ಟೂ ವೆಪನ್ ಫೈಟಿಂಗ್ ಎಂಬ ಫೈಟಿಂಗ್ ಸ್ಟೈಲ್ ಇದ್ದರೆ ಮಾತ್ರ ಸೇರುತ್ತದೆ. ಐದನೇ ಲೆವೆಲ್‌ನಲ್ಲಿ ಎಕ್ಸ್‌ಟ್ರಾ ಅಟ್ಯಾಕ್ ಬಂದರೆ ಬಲಗೈ ಹೊಡೆತ ಎರಡಾಗುತ್ತದೆ, ಎಡಗೈಯದು ಒಂದೇ ಉಳಿಯುತ್ತದೆ.

ಡ್ಯಾಮೇಜ್ ಕಡಿಮೆ ಆದದ್ದು ನನಗೆ ಅಷ್ಟು ನೋವು ಕೊಡಲಿಲ್ಲ. ನೋವಿದ್ದದ್ದು ಆ ಬೋನಸ್ ಆಕ್ಷನ್‌ನಲ್ಲಿ. ಎರಡು ಕತ್ತಿ ಹಿಡಿಯಬೇಕು ಅನ್ನಿಸುವ ಪಾತ್ರಗಳಿಗೆಲ್ಲ ಬೋನಸ್ ಆಕ್ಷನ್ ಬೇರೆ ಕೆಲಸಕ್ಕೆ ಬೇಕೇ ಬೇಕು. ರೋಗ್‌ಗೆ ಕನ್ನಿಂಗ್ ಆಕ್ಷನ್ ಇದೆ, ಓಡಲು, ಜಾರಿಕೊಳ್ಳಲು, ಅಡಗಲು. ಬಾರ್ಬೇರಿಯನ್‌ಗೆ ರೇಜ್ ಶುರು ಮಾಡಬೇಕು. ರೇಂಜರ್‌ಗೆ ಹಂಟರ್ಸ್ ಮಾರ್ಕ್ ಎಂಬ ಗುರಿ ಗುರುತಿಸುವ ಮಂತ್ರ ಹಾಕಬೇಕು, ಗುರಿ ಸತ್ತರೆ ಅದನ್ನು ಇನ್ನೊಬ್ಬನ ಮೇಲೆ ಸರಿಸಬೇಕು. ಎಲ್ಲದಕ್ಕೂ ಅದೇ ಒಂದು ಬೋನಸ್ ಆಕ್ಷನ್. ಅಂದರೆ ಕ್ಲಾಸ್ ಕೊಟ್ಟದ್ದನ್ನು ಬಳಸಿದರೆ ಎಡಗೈ ಕತ್ತಿ ಆ ಸರದಿಯಲ್ಲಿ ಸುಮ್ನೆ ತೂಗುತ್ತಿರುತ್ತದೆ.

ಹೊಸ ಪುಸ್ತಕ ಇದಕ್ಕೆ ಕೊಟ್ಟ ಮದ್ದಿನ ಹೆಸರು ನಿಕ್. ಆಯುಧಗಳಿಗೆ ಈಗ ವೆಪನ್ ಮಾಸ್ಟರಿ ಅಂತ ಒಂದೊಂದು ಗುಣ ಬಂದಿದೆ. ಡ್ಯಾಗರ್, ಲೈಟ್ ಹ್ಯಾಮರ್, ಸಿಕಲ್, ಸಿಮಿಟರ್ ಈ ನಾಲ್ಕಕ್ಕೆ ಸಿಕ್ಕಿರುವುದು ನಿಕ್. ಲೈಟ್ ಗುಣದಿಂದ ಸಿಗುವ ಆ ಹೆಚ್ಚುವರಿ ಹೊಡೆತವನ್ನು ಬೋನಸ್ ಆಕ್ಷನ್ ಖರ್ಚು ಮಾಡದೆ, ಅಟ್ಯಾಕ್ ಆಕ್ಷನ್‌ನ ಒಳಗೇ ಹೊಡೆಯಬಹುದು. ಸರದಿಗೆ ಒಂದೇ ಸಲ. ಫೈಟರ್, ರೇಂಜರ್, ರೋಗ್, ಬಾರ್ಬೇರಿಯನ್, ಪ್ಯಾಲಡಿನ್ ಐವರಿಗೂ ಮೊದಲ ಲೆವೆಲ್‌ನಲ್ಲೇ ಮಾಸ್ಟರಿ ಸಿಗುತ್ತದೆ.

ನನ್ನ ರೇಂಜರ್‌ನ ಲೆಕ್ಕ ಹೇಳುತ್ತೇನೆ. ಐದನೇ ಲೆವೆಲ್, ಡೆಕ್ಸ್‌ಟೆರಿಟಿ 18, ಟೂ ವೆಪನ್ ಫೈಟಿಂಗ್ ಸ್ಟೈಲ್ ಇದೆ. ಮೊದಲ ಸರದಿಯಲ್ಲಿ ಬೋನಸ್ ಆಕ್ಷನ್‌ನಿಂದ ಹಂಟರ್ಸ್ ಮಾರ್ಕ್ ಹಾಕುತ್ತಾನೆ. ಈಗ ತಾಗಿದ ಪ್ರತಿ ಹೊಡೆತಕ್ಕೂ ಕತ್ತಿಯ ಡಿ6 (ಆರು ಮುಖದ ದಾಳ), ಮೇಲೆ ಮಾಡಿಫೈಯರ್‌ನ 4, ಮಾರ್ಕ್‌ನ ಇನ್ನೊಂದು ಡಿ6. ಸರಾಸರಿ 11. ಹಳೆಯ ನಿಯಮದಲ್ಲಿ ಆ ಸರದಿಗೆ ಎರಡೇ ಹೊಡೆತ, ಎರಡೂ ತಾಗಿದರೆ 22. ಹೊಸದರಲ್ಲಿ ಶಾರ್ಟ್‌ಸ್ವೋರ್ಡ್ ಎರಡು ಸಲ, ಸಿಮಿಟರ್ ಒಂದು ಸಲ, ಒಟ್ಟು 33. ಶತ್ರು ಬಿದ್ದು ಮಾರ್ಕ್ ಸರಿಸುವ ಸರದಿಯಲ್ಲೂ ಅಷ್ಟೇ, ಮೂರು ಹೊಡೆತ ಹಾಗೇ ಉಳಿಯುತ್ತವೆ. ಮಾರ್ಕ್ ಮತ್ತು ಎಡಗೈ ಒಂದಕ್ಕೊಂದು ಅಡ್ಡ ಬರುವುದು ನಿಂತಿತು. ಇಷ್ಟು ದಿನ ಬಯಸಿದ್ದು ಇದೇ ಅಲ್ವಾ!

ಇನ್ನೂ ಜಾಸ್ತಿ ಲಾಭ ಆದದ್ದು ರೋಗ್‌ಗೆ ಎಂದು ನನ್ನ ಅನಿಸಿಕೆ. ರೋಗ್‌ನ ಬಲವೆಲ್ಲ ತಾಗಿದ ಹೊಡೆತಕ್ಕೆ ಡ್ಯಾಮೇಜ್ ಸೇರಿಸುವ ಸ್ನೀಕ್ ಅಟ್ಯಾಕ್‌ನಲ್ಲಿದೆ. ಅದು ಸರದಿಗೆ ಒಂದೇ ಸಲ, ಐದನೇ ಲೆವೆಲ್‌ನಲ್ಲಿ 3ಡಿ6, ಅಂದರೆ ಮೂರು ಡಿ6. ಒಂದೇ ಹೊಡೆತ ಇದ್ದು ಅದು ತಪ್ಪಿದರೆ ಆ ಸರದಿ ಹೋಯಿತು. ತಾಗುವ ಸಾಧ್ಯತೆ 65% ಅಂತಿಟ್ಟುಕೊಳ್ಳಿ. ಎರಡು ಹೊಡೆತ ಇದ್ದರೆ ಒಂದಾದರೂ ತಾಗುವ ಸಾಧ್ಯತೆ ಸುಮಾರು 88%ಕ್ಕೆ ಏರುತ್ತದೆ. ಮೊದಲು ಈ ಎರಡನೇ ಅವಕಾಶ ಬೇಕೆಂದರೆ ಶತ್ರುವಿನ ಎದುರೇ ನಿಂತು ಏಟು ತಿನ್ನಬೇಕಿತ್ತು, ಯಾಕೆಂದರೆ ಜಾರಿಕೊಳ್ಳಲು ಬೋನಸ್ ಆಕ್ಷನ್ ಉಳಿಯುತ್ತಿರಲಿಲ್ಲ. ಈಗ ಎರಡು ಸಲ ಚುಚ್ಚಿ, ಡಿಸ್‌ಎಂಗೇಜ್ ಮಾಡಿ, ಕಂಬದ ಹಿಂದೆ ಹೋಗಿ ನಿಲ್ಲಬಹುದು. ರೋಗ್ ಅಂದರೆ ಹೀಗೇ ಇರಬೇಕು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಏಕೆಂದರೆ ತುಂಬ ಜನ ತಪ್ಪಾಗಿ ಓದುವುದು ಇದನ್ನೇ. ನಿಕ್ ನಿಮಗೆ ಹೊಸ ಹೊಡೆತ ಕೊಡುವುದಿಲ್ಲ. ಇರುವ ಹೊಡೆತವನ್ನು ಜಾಗ ಬದಲಿಸುತ್ತದೆ, ಅಷ್ಟೇ. ನಿಕ್ ಬಳಸಿ ಒಂದು, ಆಮೇಲೆ ಖಾಲಿ ಇರುವ ಬೋನಸ್ ಆಕ್ಷನ್‌ನಿಂದ ಅದೇ ಲೈಟ್ ನಿಯಮದಲ್ಲಿ ಇನ್ನೊಂದು ಎಂದು ಹೊಡೆಯುವ ಹಾಗಿಲ್ಲ. ಅದಕ್ಕೆ ಡ್ಯೂಯಲ್ ವೀಲ್ಡರ್ ಎಂಬ ಫೀಟ್ (ಪಾತ್ರಕ್ಕೆ ಆಯ್ದುಕೊಳ್ಳುವ ವಿಶೇಷ ಕೌಶಲ) ಬೇಕು. ಆ ಫೀಟ್ ತನ್ನದೇ ಆದ ಬೇರೆ ಹೊಡೆತವೊಂದನ್ನು ಬೋನಸ್ ಆಕ್ಷನ್‌ಗೆ ಕೊಡುತ್ತದೆ. ಮೊದಲು ಲೈಟ್ ಆಯುಧದಿಂದ ಹೊಡೆದಿರಬೇಕು, ಎರಡನೆಯದು ಬೇರೆ ಆಯುಧ ಆಗಿರಬೇಕು, ಅದು ಟೂ ಹ್ಯಾಂಡೆಡ್ ಅಲ್ಲದ ಮೆಲೀ (ಹತ್ತಿರದಿಂದ ಹೊಡೆಯುವ) ಆಯುಧವಾದರೆ ಸಾಕು. ಹೀಗೆ ಐದನೇ ಲೆವೆಲ್‌ನಲ್ಲಿ ಶಾರ್ಟ್‌ಸ್ವೋರ್ಡ್ ಎರಡು, ನಿಕ್‌ನಿಂದ ಸಿಮಿಟರ್ ಒಂದು, ಫೀಟ್‌ನಿಂದ ಸಿಮಿಟರ್ ಇನ್ನೊಂದು. ಸರದಿಗೆ ನಾಲ್ಕು.

ಇನ್ನು ನನ್ನ ದೂರು. 2014ರಲ್ಲಿ ಯುದ್ಧದ ಅಧ್ಯಾಯದಲ್ಲಿ ಟೂ ವೆಪನ್ ಫೈಟಿಂಗ್ ಎಂದೇ ಒಂದು ತಲೆಬರಹ ಇತ್ತು. ಹೊಸಬರಿಗೆ ಆ ಪುಟ ತೋರಿಸಿದರೆ ಮುಗಿಯುತ್ತಿತ್ತು. ಈಗ ಅದೇ ವಿಷಯ ಚೆಲ್ಲಾಪಿಲ್ಲಿ ಆಗಿದೆ. ಲೈಟ್ ಮತ್ತು ನಿಕ್ ಆರನೇ ಅಧ್ಯಾಯದಲ್ಲಿ, ಸಲಕರಣೆಗಳ ಜೊತೆ. ಫೀಟ್ ಮತ್ತು ಫೈಟಿಂಗ್ ಸ್ಟೈಲ್ ಐದನೇ ಅಧ್ಯಾಯದಲ್ಲಿ. ಆಯುಧವನ್ನು ಯಾವಾಗ ಎಳೆಯಬಹುದು, ಯಾವಾಗ ಒರೆಗೆ ಹಾಕಬಹುದು ಎನ್ನುವುದು ಪುಸ್ತಕದ ಕೊನೆಯ ರೂಲ್ಸ್ ಗ್ಲಾಸರಿಯಲ್ಲಿ. ಮೂರು ಕಡೆ ಬೆರಳಿಟ್ಟುಕೊಂಡು ಓದಿದರೆ ಮಾತ್ರ ಒಂದು ಸರದಿ ಹೇಗೆ ನಡೆಯುತ್ತದೆ ಎಂದು ತಿಳಿಯುತ್ತದೆ. ಒಂದು ಪೂರ್ತಿ ಸರದಿಯ ಉದಾಹರಣೆ ಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು! ನಿಕ್ ಇರಬೇಕಾದದ್ದು ಮೊದಲು ಹೊಡೆಯುವ ಆಯುಧದಲ್ಲೋ, ಹೆಚ್ಚುವರಿ ಹೊಡೆತದ ಆಯುಧದಲ್ಲೋ ಎಂದು ನಮ್ಮ ಟೇಬಲ್‌ನಲ್ಲಿ ದೊಡ್ಡ ಚರ್ಚೆಯೇ ಆಯಿತು. ಹೆಚ್ಚುವರಿ ಹೊಡೆತದ ಆಯುಧದಲ್ಲಿ ಎಂದು ನಾವು ತೀರ್ಮಾನ ಮಾಡಿಕೊಂಡೆವು. ಫೈಟಿಂಗ್ ಸ್ಟೈಲ್‌ನ ಮಾಡಿಫೈಯರ್ ಡ್ಯೂಯಲ್ ವೀಲ್ಡರ್ ಹೊಡೆತಕ್ಕೂ ಸೇರುತ್ತದೆಯೇ ಎಂಬ ಪ್ರಶ್ನೆಯೂ ಬಂತು. ಸೇರುತ್ತದೆ ಎಂದೇ ಆಡುತ್ತೇವೆ. ಆದರೆ ಇಷ್ಟು ಮುಖ್ಯವಾದ ವಾಕ್ಯಗಳನ್ನು ಎರಡು ರೀತಿ ಓದಲು ಬಿಟ್ಟದ್ದು ಸರಿಯಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಹೊಸ ಲೈಟ್ ನಿಯಮ ‘ಬೇರೆ ಲೈಟ್ ಆಯುಧ’ ಎಂದಷ್ಟೇ ಕೇಳುತ್ತದೆ, ‘ಇನ್ನೊಂದು ಕೈ’ ಎಂಬ ಮಾತನ್ನೇ ಬಿಟ್ಟಿದೆ. ಜೊತೆಗೆ ಅಟ್ಯಾಕ್ ಆಕ್ಷನ್‌ನ ಪ್ರತಿ ಹೊಡೆತಕ್ಕೂ ಒಂದು ಆಯುಧವನ್ನು ಎಳೆಯಬಹುದು ಅಥವಾ ಒಳಗಿಡಬಹುದು. ಎರಡನ್ನೂ ಜೋಡಿಸಿದರೆ ಏನಾಗುತ್ತದೆ ನೋಡಿ. ಎಡಗೈಯಲ್ಲಿ ಗುರಾಣಿ. ಬಲಗೈಯಲ್ಲಿ ಶಾರ್ಟ್‌ಸ್ವೋರ್ಡ್‌ನಿಂದ ಹೊಡೆದು ಒರೆಗೆ ಹಾಕು, ಅದೇ ಕೈಯಲ್ಲಿ ಸಿಮಿಟರ್ ಎಳೆದು ನಿಕ್ ಹೊಡೆತ ಹೊಡೆ. ಗುರಾಣಿಯ ರಕ್ಷಣೆಯೂ ಇದೆ, ಎರಡು ಆಯುಧದ ಹೊಡೆತವೂ ಇದೆ. ಅಕ್ಷರಕ್ಕೆ ಅಕ್ಷರ ಓದಿದರೆ ಇದು ಸರಿ. ಆದರೆ ಗುರಾಣಿ ಬಿಟ್ಟು ಎಡಗೈಗೂ ಕತ್ತಿ ಕೊಟ್ಟವನು ಏನೋ ಒಂದನ್ನು ತ್ಯಾಗ ಮಾಡಿದ್ದಾನೆ. ಆ ತ್ಯಾಗಕ್ಕೆ ಬೆಲೆ ಇಲ್ಲದ ಹಾಗೆ ಆಗಬಾರದು. ಹೆಚ್ಚುವರಿ ಹೊಡೆತಕ್ಕೆ ಎರಡೂ ಆಯುಧ ಎರಡು ಕೈಯಲ್ಲಿ ಇರಲೇಬೇಕು ಎಂಬ ಮನೆನಿಯಮ ನಾವು ಮಾಡಿಕೊಂಡಿದ್ದೇವೆ. ನೀವೂ ಆಟ ಶುರುವಾಗುವ ಮುಂಚೆಯೇ ಆಟ ನಡೆಸುವ ನಿಮ್ಮ ಡಿಎಂ ಜೊತೆ ಇದನ್ನು ಮಾತಾಡಿಕೊಳ್ಳಿ. ನಡುವೆ ಬಂದರೆ ಮನಸ್ತಾಪ ಖಂಡಿತ.

ಫೈಟರ್ ಆಡುವವರು ಸ್ವಲ್ಪ ಯೋಚಿಸಬೇಕು. ಎಲ್ಲ ಹೊಡೆತವೂ ತಾಗಿತು, ಎಲ್ಲದಕ್ಕೂ ಮಾಡಿಫೈಯರ್ ಸೇರಿತು ಎಂದೇ ಇಟ್ಟುಕೊಳ್ಳಿ. ಐದನೇ ಲೆವೆಲ್‌ನಲ್ಲಿ ಡ್ಯೂಯಲ್ ವೀಲ್ಡರ್ ಇರುವ ಫೈಟರ್‌ಗೆ ನಾಲ್ಕು ಹೊಡೆತ, ಸರಾಸರಿ 30. ಭಾರೀ ಆಯುಧದ ಡ್ಯಾಮೇಜ್ ಹೆಚ್ಚಿಸುವ ಗ್ರೇಟ್ ವೆಪನ್ ಮಾಸ್ಟರ್ ಫೀಟ್ ಜೊತೆ ಗ್ರೇಟ್‌ಸ್ವೋರ್ಡ್ ಹಿಡಿದವನಿಗೆ ಎರಡು ಹೊಡೆತ, 28. ಎರಡು ಕತ್ತಿಯವನೇ ಒಂದು ಕೈ ಮೇಲೆ. ಹನ್ನೊಂದನೇ ಲೆವೆಲ್‌ಗೆ ಬನ್ನಿ, ಮಾಡಿಫೈಯರ್ 5 ಆಗಿದೆ. ನಮ್ಮವನು 42.5, ಅವನು 48. ಇಪ್ಪತ್ತಕ್ಕೆ ಬಂದರೆ ನಮ್ಮವನು 51, ಅವನು 72. ಕಾರಣ ಸ್ಪಷ್ಟ. ಫೈಟರ್‌ನ ಎಕ್ಸ್‌ಟ್ರಾ ಅಟ್ಯಾಕ್ ಏರುತ್ತಾ ಹೋದರೂ ಎಡಗೈಯ ಎರಡು ಹೊಡೆತ ಎರಡೇ. ಬೆಳೆಯುವುದು ದೊಡ್ಡ ಕತ್ತಿಯ ಲಾಭ. ಹಂಟರ್ಸ್ ಮಾರ್ಕ್ ಥರ ಪ್ರತಿ ಹೊಡೆತಕ್ಕೂ ಏನಾದರೂ ಸೇರುವ ದಾರಿ ಇದ್ದರೆ ಮಾತ್ರ ಹೆಚ್ಚು ಹೊಡೆತಕ್ಕೆ ಅರ್ಥ ಬರುತ್ತದೆ. ಇಲ್ಲಿ ಪುಸ್ತಕ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕಿತ್ತು.

ನನಗೆ ನಿಜಕ್ಕೂ ಬೇಜಾರಾದ ಬದಲಾವಣೆ ಸಣ್ಣದು. ಹಳೆಯ ಡ್ಯೂಯಲ್ ವೀಲ್ಡರ್ ಫೀಟ್‌ನಲ್ಲಿ ಎರಡೂ ಕೈಯಲ್ಲಿ ಆಯುಧ ಇದ್ದರೆ ಆರ್ಮರ್ ಕ್ಲಾಸ್‌ಗೆ (ಏಟಿನಿಂದ ಕಾಯುವ ಅಂಕಕ್ಕೆ) 1 ಸೇರುತ್ತಿತ್ತು. ಹೊಸದರಲ್ಲಿ ಅದನ್ನು ತೆಗೆದುಹಾಕಿ, ಡೆಕ್ಸ್‌ಟೆರಿಟಿ ಅಥವಾ ಸ್ಟ್ರೆಂತ್‌ಗೆ 1 ಕೊಟ್ಟಿದ್ದಾರೆ. ಲೆಕ್ಕದಲ್ಲಿ ಒಳ್ಳೆಯ ವಿನಿಮಯವೇ. ಆದರೆ ಯುರೋಪಿನಲ್ಲಿ ರೇಪಿಯರ್ ಜೊತೆ ಡ್ಯಾಗರ್ ಹಿಡಿಯುತ್ತಿದ್ದ ಕಾಲದಲ್ಲಿ ಎಡಗೈ ಡ್ಯಾಗರ್‌ನ ಮುಖ್ಯ ಕೆಲಸ ಎದುರಾಳಿಯ ಕತ್ತಿಯನ್ನು ತಡೆಯುವುದಾಗಿತ್ತು. ಆ ಒಂದು ಅಂಕದಲ್ಲಿ ಆ ತಡೆ ಇತ್ತು. ಈಗ ಎರಡನೇ ಕತ್ತಿ ಬರೀ ಹೊಡೆಯಲಿಕ್ಕೆ ಮಾತ್ರ.

ಹಳೆಯ ಆವೃತ್ತಿ ಆಡಿದವರಿಗೆ ಈ ಪುಸ್ತಕ ಎಷ್ಟು ಉದಾರಿ ಎನ್ನುವುದು ಬೇಗ ಗೊತ್ತಾಗುತ್ತದೆ. 2003ರ 3.5 ಆವೃತ್ತಿಯಲ್ಲಿ ತರಬೇತಿ ಇಲ್ಲದೆ ಎರಡು ಆಯುಧ ಹಿಡಿದರೆ, ತಾಗಿತೇ ಎಂದು ಉರುಳಿಸುವ ದಾಳದ ಅಂಕದಿಂದ ಬಲಗೈಗೆ 6, ಎಡಗೈಗೆ 10 ಕಳೆಯಬೇಕಿತ್ತು. ಫೀಟ್ ತೆಗೆದುಕೊಂಡು ಎಡಗೈಗೆ ಲೈಟ್ ಆಯುಧ ಕೊಟ್ಟ ಮೇಲೂ ಎರಡಕ್ಕೂ 2 ಕಳೆಯುತ್ತಿತ್ತು. ಎಡಗೈಯ ಎರಡನೇ, ಮೂರನೇ ಹೊಡೆತಕ್ಕೆ ಒಂದೊಂದು ಫೀಟ್ ಬೇರೆ. ಇಂಥದ್ದೇ ಇನ್ನೊಂದು ಆಟವಾದ ಪಾಥ್‌ಫೈಂಡರ್‌ನ 2019ರಲ್ಲಿ ಬಂದ ಎರಡನೇ ಆವೃತ್ತಿ ಪೂರ್ತಿ ಬೇರೆ ದಾರಿ ಹಿಡಿಯಿತು. ಅಲ್ಲಿ ಎರಡು ಆಯುಧ ಹಿಡಿದ ಮಾತ್ರಕ್ಕೆ ಹೆಚ್ಚುವರಿ ಹೊಡೆತವೇ ಇಲ್ಲ. ಮೂರು ಆಕ್ಷನ್ ಇವೆ, ಎರಡನೇ ಹೊಡೆತಕ್ಕೆ ಸಾಮಾನ್ಯವಾಗಿ 5 ಕಳೆಯುತ್ತದೆ, ಅಜೈಲ್ (ಚುರುಕಾಗಿ ಬೀಸುವ) ಆಯುಧವಾದರೆ 4. ಫೈಟರ್‌ನ ಡಬಲ್ ಸ್ಲೈಸ್ ಫೀಟ್ ಇದ್ದರೆ ಎರಡು ಆಕ್ಷನ್‌ನಲ್ಲಿ ಎರಡೂ ಕೈ ಒಂದೇ ಮಟ್ಟದಲ್ಲಿ ಹೊಡೆಯುತ್ತವೆ. ಅಜೈಲ್ ಅಲ್ಲದ ಎರಡನೇ ಆಯುಧಕ್ಕೆ ಮಾತ್ರ 2 ಕಡಿಮೆ. ಎಲ್ಲ ಒಂದೇ ಕಡೆ, ಒಂದೇ ಪ್ಯಾರಾದಲ್ಲಿ. ಬರವಣಿಗೆಯ ಸ್ಪಷ್ಟತೆಯಲ್ಲಿ ನನ್ನ ಓಟು ಅದಕ್ಕೇ.

ಟೇಬಲ್‌ನಲ್ಲಿ ಆಡುವಾಗ ಇನ್ನೊಂದು ವಿಷಯ ಗಮನಕ್ಕೆ ಬರುತ್ತದೆ: ಸಮಯ. ನಾಲ್ಕು ಹೊಡೆತ ಅಂದರೆ ತಾಗಿತೇ ಎಂದು ನೋಡಲು ನಾಲ್ಕು ಡಿ20 (ಇಪ್ಪತ್ತು ಮುಖದ ದಾಳ), ಆಮೇಲೆ ಡ್ಯಾಮೇಜ್ ದಾಳಗಳು. ಬೇರೆ ಬೇರೆ ಬಣ್ಣದ ದಾಳ ಒಟ್ಟಿಗೆ ಉರುಳಿಸಿ ಮುಗಿಸೋಣ ಎಂದರೆ ಶಾರ್ಟ್‌ಸ್ವೋರ್ಡ್‌ನ ವೆಕ್ಸ್ ಮಾಸ್ಟರಿ ಬಿಡುವುದಿಲ್ಲ. ವೆಕ್ಸ್ ಹೊಡೆತ ತಾಗಿ ಡ್ಯಾಮೇಜ್ ಆದರೆ ಅದೇ ಶತ್ರುವಿನ ಮೇಲೆ ಮುಂದಿನ ಹೊಡೆತಕ್ಕೆ ಅಡ್ವಾಂಟೇಜ್, ಅಂದರೆ ಎರಡು ಡಿ20 ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು. 65% ಇದ್ದದ್ದು ಸುಮಾರು 88% ಆಗುತ್ತದೆ, ಬಿಡಲು ಮನಸ್ಸು ಬರುವುದಿಲ್ಲ. ಹಾಗಾಗಿ ಒಂದಾದ ಮೇಲೆ ಒಂದು, ಕ್ರಮವಾಗಿ ಉರುಳಿಸಲೇಬೇಕು. ನಾನು ಡಿ20 ಮತ್ತು ಡ್ಯಾಮೇಜ್ ದಾಳವನ್ನು ಪ್ರತಿ ಸಲ ಜೊತೆಗೇ ಉರುಳಿಸುತ್ತೇನೆ. ನನ್ನ ಸರದಿ ಬರುವ ಮೊದಲೇ ಗುರಿ ಯಾರು, ಮಾರ್ಕ್ ಯಾರ ಮೇಲೆ ಎಂದು ತೀರ್ಮಾನ ಮಾಡಿಟ್ಟುಕೊಂಡಿರುತ್ತೇನೆ. ಪಕ್ಕದವರ ಸಮಯ ತಿನ್ನಬಾರದಲ್ವಾ.

ಪುಸ್ತಕ ಕೊಳ್ಳಬೇಕೇ ಎಂದು ಕೇಳುವವರಿಗೆ ಒಂದು ಮಾತು. ರೋಗ್, ರೇಂಜರ್ ಆಡುವವರು ಧಾರಾಳವಾಗಿ ಕೊಳ್ಳಿ. ಇನ್ನೂ ಅನುಮಾನ ಇದ್ದರೆ 2025ರಲ್ಲಿ ಉಚಿತವಾಗಿ ಬಿಡುಗಡೆಯಾದ ಎಸ್‌ಆರ್‌ಡಿ 5.2 (ಆಟದ ಮೂಲ ನಿಯಮಗಳ ಸಂಗ್ರಹ) ಇಳಿಸಿಕೊಳ್ಳಿ. ಲೈಟ್, ನಿಕ್, ವೆಕ್ಸ್, ಟೂ ವೆಪನ್ ಫೈಟಿಂಗ್ ಸ್ಟೈಲ್ ಎಲ್ಲ ಅದರಲ್ಲಿವೆ. ಡ್ಯೂಯಲ್ ವೀಲ್ಡರ್ ಅದರಲ್ಲಿಲ್ಲ, ಆದರೆ ಅದು ಸಿಗುವುದೇ ನಾಲ್ಕನೇ ಲೆವೆಲ್‌ನಿಂದ. ಮೊದಲ ಮೂರು ಲೆವೆಲ್ ಸಿಮಿಟರ್ ಮತ್ತು ಶಾರ್ಟ್‌ಸ್ವೋರ್ಡ್ ಹಿಡಿದು ಆಡಿ ನೋಡಿ. ನಾಲ್ಕನೆಯದು ಹತ್ತಿರ ಬರುವ ಹೊತ್ತಿಗೆ ನಿಮಗೆ ಪುಸ್ತಕ ಬೇಕೋ ಬೇಡವೋ ಗೊತ್ತಾಗಿರುತ್ತದೆ.